ಕಲಾ ನಿರ್ವಹಣೆಯ ಪ್ರಾಕ್ಟಿಕಲ್ ಪರೀಕ್ಷೆ

ನಾನು ಬಿ.ಎ.ಯಲ್ಲಿ ಕಲಾ ನಿರ್ವಹಣೆಯನ್ನು ಮೈನರ್ ವಿಷಯವಾಗಿ ತೆಗೆದುಕೊಂಡದ್ದಕ್ಕೆ ಕಾರಣ ಕಲೆಯೂ ಅಲ್ಲ, ನಿರ್ವಹಣೆಯೂ ಅಲ್ಲ, ಹೋಳೂರಿನ ಬಸ್ಸು. ಕೋಲಾರದಿಂದ ನಮ್ಮೂರ ಕಡೆಗೆ ಮಧ್ಯಾಹ್ನ ಮೂರೂವರೆಗೆ ಒಂದು ಬಸ್ಸಿತ್ತು. ಅದು ತಪ್ಪಿದರೆ ಇನ್ನೊಂದು ಆರೂವರೆಗೆ, ಅದೂ ಡ್ರೈವರಿಗೆ ಮನಸ್ಸು ಬಂದರೆ. ಸಮಾಜಶಾಸ್ತ್ರದ ತರಗತಿ ನಾಲ್ಕಕ್ಕೆ ಮುಗಿಯುತ್ತಿತ್ತು, ಸಂಸ್ಕೃತ ನಾಲ್ಕೂಕಾಲಿಗೆ. ಕಲಾ ನಿರ್ವಹಣೆ ಒಂದೇ ಮೂರಕ್ಕೆ ಮುಗಿಯುತ್ತಿದ್ದದ್ದು. ಅಪ್ಪ ವೇಳಾಪಟ್ಟಿಯನ್ನು ನನ್ನಿಂದ ಓದಿಸಿ ಕೇಳಿ, "ಅದನ್ನೇ ಓದು. ಹೊತ್ತು ಮುಳುಗೋದರೊಳಗೆ ಮನೆಗೆ ಬರೋ ವಿದ್ಯೆ ಯಾವುದಾದ್ರೂ ಒಳ್ಳೇದೇ" ಅಂದರು. ಹೀಗೆ ನಾನು ಕಲಾಕ್ಷೇತ್ರವನ್ನು ಪ್ರವೇಶಿಸಿದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ದೆಹಲಿಯಲ್ಲಿ ಯಾವುದೋ ಮೂರು ದಿನದ ಸಮ್ಮೇಳನಕ್ಕೆ ಹೋಗಿದ್ದರು. ಹೋಗುವಾಗ ಬರೀ ಸೂಟ್‌ಕೇಸು ಹಿಡಿದು ಹೋದವರು ಬರುವಾಗ ಒಂದು ಹೊಸ ವಿಷಯವನ್ನೂ ಹಿಡಿದುಕೊಂಡು ಬಂದರು. ಈ ದೇಶದಲ್ಲಿ ಹಾಡುವವರು, ಕುಣಿಯುವವರು, ಬಣ್ಣ ಹಚ್ಚುವವರು ಸಾವಿರಾರು ವರ್ಷಗಳಿಂದ ತಮ್ಮ ಪಾಡಿಗೆ ತಾವು ಹಾಡಿ ಕುಣಿದುಕೊಂಡು ಬಂದಿದ್ದಾರೆ, ಅದೇ ತಪ್ಪಾಗಿರುವುದು. ಇನ್ನು ಮೇಲೆ ಅವರನ್ನು ನಿರ್ವಹಿಸುವುದಕ್ಕೆ ಪದವೀಧರರು ಬೇಕು ಎಂದು ಅವರಿಗೆ ಅಲ್ಲಿ ಯಾರೋ ಹೇಳಿದ್ದರಂತೆ. ವಿಷಯಕ್ಕೆ ಕನ್ನಡದ ಹೆಸರು ಹುಡುಕಲು ಒಂದು ಸಮಿತಿ ಕೂತಿತು. ಕನ್ನಡ ಪಂಡಿತರು 'ಲಲಿತಕಲೋದ್ಯಮ ವ್ಯವಸ್ಥಾಪನಾ ಶಾಸ್ತ್ರ' ಎಂದು ಸೂಚಿಸಿದರು. ಅದು ವೇಳಾಪಟ್ಟಿಯ ಚೌಕದೊಳಗೆ ಹಿಡಿಸಲಿಲ್ಲ. ಹಿಡಿಸುವಷ್ಟು ಕತ್ತರಿಸಿದ ಮೇಲೆ 'ಕಲಾ ನಿರ್ವಹಣೆ' ಉಳಿಯಿತು.

ಮನೆಯಲ್ಲಿ ಅಜ್ಜಿಗೆ ಅರ್ಥವಾಗಲಿಲ್ಲ. "ಯಾತರ ಕಲೆನೇ ಅದು? ಬಟ್ಟೆ ಮೇಲಿಂದಾ?"

"ಅಲ್ಲಜ್ಜೀ, ಹಾಡು, ನಾಟಕ, ಅಂಥ ಕಲೆ."

"ಅದಕ್ಕೆ ಕಾಲೇಜು ಯಾಕೆ? ಹಿಪ್ಪುನೇರಳೆ ಹಣ್ಣಿನ ಕಲೆ ತೆಗೆಯೋದು ಹೇಳ್ಕೊಡೋದಾದ್ರೆ ಹೋಗು. ಏನು ಮಾಡಿದ್ರೂ ಹೋಗಲ್ಲ ಅದು."

ತರಗತಿಗೆ ಹನ್ನೊಂದು ಜನ ಸೇರಿದೆವು. ಎಲ್ಲರಿಗೂ ಮೂರೂವರೆ ಆಸುಪಾಸಿನಲ್ಲಿ ಯಾವುದೋ ಒಂದು ಬಸ್ಸಿತ್ತು. ಪಾಠ ಮಾಡಲು ಬಂದವರು ವಾಣಿಜ್ಯ ವಿಭಾಗದ ಮೇಷ್ಟ್ರು. ಅವರನ್ನೇ ಆರಿಸಲು ಕಾರಣ, ಅವರಿಗೆ ವಾರಕ್ಕೆ ನಾಲ್ಕು ಗಂಟೆಯ ಪಾಠ ಕಡಿಮೆ ಬಿದ್ದಿತ್ತು. ಬಿಳಿ ಪಂಚೆ, ಕಂದು ಕೋಟು, ಜೇಬಿನಲ್ಲಿ ಎರಡು ಪೆನ್ನು. ಸುಳ್ಳು ಹೇಳಲು ಬಾರದ ಮನುಷ್ಯ. ಮೊದಲನೇ ದಿನವೇ ಹೇಳಿಬಿಟ್ಟರು:

"ನೋಡ್ರಪ್ಪಾ, ನಾನು ಹುಟ್ಟಿದಾಗಿನಿಂದ ಒಂದು ನಾಟಕ ಪೂರ್ತಿ ನೋಡಿಲ್ಲ. ಹತ್ತು ಗಂಟೆಗೆ ಮುಂಚೆ ಅವರು ಶುರು ಮಾಡಲ್ಲ, ಒಂಬತ್ತರ ಮೇಲೆ ನಾನು ಎಚ್ಚರ ಇರಲ್ಲ. ಆದರೆ ನಿರ್ವಹಣೆಗೆ ಇದೇನೂ ಅಡ್ಡಿಯಲ್ಲ. ಸೋಪು ಮಾರುವವನು ಸೋಪು ತಿನ್ನಬೇಕಾಗಿಲ್ಲ."

ಹಿಂದಿನ ಬೆಂಚಿನಿಂದ ಮುಳಬಾಗಿಲಿನ ಹುಡುಗ ಎದ್ದು ನಿಂತ. "ಒಂದ್ಸಲ ಸ್ನಾನನಾದ್ರೂ ಮಾಡಿರ್ಬೇಕಲ್ವಾ ಸಾರ್?"

ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಒಳ್ಳೆ ಪ್ರಶ್ನೆ. ಆದರೆ ಸಿಲಬಸ್ಸಿನಲ್ಲಿಲ್ಲ. ಬರ್ಕೊಳ್ಳಿ" ಅಂದರು.

ಬರೆದುಕೊಂಡೆವು. ಎರಡು ವರ್ಷ ಬರೆದುಕೊಂಡೆವು. ಪ್ರಿನ್ಸಿಪಾಲರು ದೆಹಲಿಯಿಂದ ತಂದಿದ್ದ ಸೈಕ್ಲೋಸ್ಟೈಲ್ ಹಾಳೆಗಳನ್ನು ಮೇಷ್ಟ್ರು ರಾತ್ರಿ ನಿಘಂಟು ಇಟ್ಟುಕೊಂಡು ಕನ್ನಡ ಮಾಡಿ, ಮರುದಿನ ಪ್ರತಿ ವಾಕ್ಯವನ್ನೂ ಎರಡೆರಡು ಸಲ ಹೇಳಿ ಬರೆಸುತ್ತಿದ್ದರು. ಪ್ರೇಕ್ಷಕ ಎಂದರೆ ಕಲೆಯ ಬಳಕೆದಾರ. ಪ್ರೇಕ್ಷಕರಲ್ಲಿ ನಾಲ್ಕು ವಿಧ: ನಿಶ್ಚಿತ, ಸಂಭಾವ್ಯ, ಅಸಂಭಾವ್ಯ ಮತ್ತು ಆಕಸ್ಮಿಕ. ಕಲಾವಿದನು ಉತ್ಪಾದನೆಯ ಒಂದು ಅಂಗ. ಅವನಿಗೆ ಏಳು ದೋಷಗಳಿರುತ್ತವೆ, ಅವುಗಳಲ್ಲಿ ಮೊದಲನೆಯದು ತಡವಾಗಿ ಬರುವುದು. ಇಷ್ಟನ್ನೂ ಬಾಯಿಪಾಠ ಮಾಡಿ ಮೊದಲ ವರ್ಷದ ಪರೀಕ್ಷೆಯಲ್ಲಿ ನಾನೇ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದೆ. ಅಲ್ಲಿಯವರೆಗೆ ನಾನು ನೋಡಿದ್ದ ನಾಟಕಗಳೆಲ್ಲ ಅಮ್ಮನ ಮಡಿಲಲ್ಲಿ ನಿದ್ದೆಹೋಗಿ ನೋಡಿದವು.

ಎರಡನೇ ವರ್ಷಕ್ಕೆ ಪ್ರಾಕ್ಟಿಕಲ್ಸ್ ಬಂತು. ಮೂರು ಮೂರು, ನಾಲ್ಕು ನಾಲ್ಕು ಜನರ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ತಾಲ್ಲೂಕು ಹಂಚಿದರು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು. ಪ್ರತಿ ಗುಂಪೂ ತನ್ನ ತಾಲ್ಲೂಕಿನಲ್ಲಿ ಒಂದು ಕಲಾ ಕಾರ್ಯಕ್ರಮವನ್ನು ನಿರ್ವಹಿಸಬೇಕು. ಬೆಂಗಳೂರಿನಿಂದ ಪರೀಕ್ಷಕರು ಬಂದು ನೋಡಿ ಅಂಕ ಕೊಡುತ್ತಾರೆ. ನಮ್ಮ ಪಾಲಿಗೆ ಮುಳಬಾಗಿಲು. ನಮ್ಮ ಗುಂಪಿನಲ್ಲಿ ನಾನು, ಸೋಪಿನ ಪ್ರಶ್ನೆ ಕೇಳಿದ ಮುಳಬಾಗಿಲಿನವನು, ಮತ್ತು ಟೇಕಲ್ಲಿನ ಒಬ್ಬ ಹುಡುಗ. ಟೇಕಲ್ಲಿನವನು ದಿನಾ ರೈಲು ಹಿಡಿದು ಬಂಗಾರಪೇಟೆಗೆ ಬಂದು ಅಲ್ಲಿಂದ ಕೋಲಾರಕ್ಕೆ ಬರುತ್ತಿದ್ದ. ಮುತ್ತಿನಂಥ ಅಕ್ಷರ. ಸ್ಕೇಲಿಲ್ಲದೆ ನೇರವಾದ ಗೆರೆ ಎಳೆಯಬಲ್ಲ. ನಿರ್ವಹಣೆಯೆಂದರೆ ಗೆರೆ ಎಳೆಯುವುದೇ ಎಂದು ಅವನು ನಂಬಿದ್ದ; ಮೇಷ್ಟ್ರೂ ಹಾಗೇ ನಂಬಿದ್ದರಿಂದ ಅವನೇ ನಮ್ಮ ನಾಯಕನಾದ.

ಮುಳಬಾಗಿಲಿನವನ ಸೋದರಮಾವನ ಊರಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು. ಊರು ಪಟ್ಟಣದಿಂದ ಎರಡು ಮೈಲಿ. ರಾಗಿ ಹೊಲ, ಟೊಮ್ಯಾಟೊ, ಹಿಪ್ಪುನೇರಳೆ ತೋಟದವರೇ ರಾಜರು, ಮಂತ್ರಿಗಳು, ಋಷಿಗಳು. ಅದೇ ನಾಟಕವನ್ನು ಮುಳಬಾಗಿಲಿನ ಹೆದ್ದಾರಿ ಪಕ್ಕದ ಒಂದು ಹಾಲಿನಲ್ಲಿ ಆಡಿಸುವುದು ಎಂದು ತೀರ್ಮಾನವಾಯಿತು. ಆದರೆ ಮೇಷ್ಟ್ರು ಮೂರು ಷರತ್ತು ಹಾಕಿದರು. ಪರೀಕ್ಷಕರು ಸಂಜೆ ಐದರ ಬಸ್ಸಿಗೆ ವಾಪಸು ಹೋಗಬೇಕಾದ್ದರಿಂದ ನಾಟಕ ಮಧ್ಯಾಹ್ನ ಎರಡಕ್ಕೆ ಶುರುವಾಗಿ ಐದರೊಳಗೆ ಮುಗಿಯಬೇಕು. ಹಾಡಿಗೆ ಯಾರೂ 'ಒನ್ಸ್ ಮೋರ್' ಕೇಳಕೂಡದು, ಅದು ಕಾಲದ ಅಪವ್ಯಯ. ಮೂರನೆಯದಾಗಿ, ಒಂದು ಪಾತ್ರಕ್ಕೆ ಒಬ್ಬನೇ ನಟ.

ಮೂರನೆಯ ಷರತ್ತಿನ ಹಿಂದೆ ಒಂದು ಕತೆಯಿದೆ. ಆ ಊರಲ್ಲಿ ರಾಜನ ಪಾತ್ರವನ್ನು ಇಬ್ಬರು ಮಾಡುತ್ತಿದ್ದರು. ಅರ್ಧ ನಾಟಕ ಮೊದಲನೇ ರಾಜ, ಇನ್ನರ್ಧ ಎರಡನೇ ರಾಜ. ಮೊದಲನೆಯವನು ಊರಿನ ದೊಡ್ಡ ಮನೆಯವನು, ಧ್ವನಿ ಸಣ್ಣದು. ಎರಡನೆಯವನು ರೇಷ್ಮೆ ಸಾಕುವ ರೈತ, ಅವನು ಬಾಯಿಬಿಟ್ಟರೆ ಕೆರೆಯ ಆಚೆ ದಡದಲ್ಲಿ ಎಮ್ಮೆ ತಲೆಯೆತ್ತುತ್ತಿತ್ತು. ನಮ್ಮ ಕಡೆ ಇದು ಎಲ್ಲ ಊರಲ್ಲೂ ಇರುವ ಪದ್ಧತಿ. ಮೇಷ್ಟ್ರು ಮಾತ್ರ ಪಟ್ಟಿಯನ್ನು ನೋಡಿ, "ಒಂದು ಕುರ್ಚಿಗೆ ಇಬ್ಬರು ಗುಮಾಸ್ತರೇ?" ಎಂದು ಎರಡನೇ ರಾಜನ ಮೇಲೆ ಕೆಂಪು ಗೆರೆ ಎಳೆದರು. ಸುದ್ದಿಯನ್ನು ಮುಳಬಾಗಿಲಿನವನು ಊರಿಗೆ ಮುಟ್ಟಿಸಿದ. ಎರಡನೇ ರಾಜ ಕೇಳಿಸಿಕೊಂಡು ಸೊಪ್ಪು ಕೊಯ್ಯಲು ಹೊರಟುಹೋದನಂತೆ.

ಟೇಕಲ್ಲಿನವನು ಮೂರಡಿ ಹಾಳೆಯ ಮೇಲೆ ಸಂಘಟನಾ ನಕ್ಷೆ ಬರೆದ. ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ 'ಪ್ರಧಾನ ನಿರ್ವಾಹಕ', ಅಂದರೆ ಅವನು. ಕೆಳಗೆ ನಾವಿಬ್ಬರು. ನಮ್ಮ ಕೆಳಗೆ ಪ್ರಚಾರ ವಿಭಾಗ, ಆಸನ ವಿಭಾಗ. ಹಾರ್ಮೋನಿಯಂ ಮಾಸ್ತರರು 'ಯಂತ್ರೋಪಕರಣ' ಎಂಬ ಚೌಕದಲ್ಲಿದ್ದರು. ಹಾಳೆಯ ಕೆಳ ಅಂಚಿನಲ್ಲಿ, ಹಸಿರು ಶಾಯಿಯಲ್ಲಿ, 'ಕಚ್ಚಾ ಸಾಮಗ್ರಿ' ಎಂಬ ಚೌಕ. ಅದರೊಳಗೆ ನಟನಟಿಯರು.

ಈ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ನಾವು ಮೂವರೂ ಒಂದು ಭಾನುವಾರ ರಾಣಿಯ ಪಾತ್ರದವರನ್ನು ನೋಡಲು ಹೋದೆವು. ಊರಿನ ಗಂಡಸರು ಉಳಿದ ಪಾತ್ರ ಮಾಡಿದರೂ ರಾಣಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುವುದು ವಾಡಿಕೆ. ಮುಳಬಾಗಿಲಿನ ಹಳೇ ಪೇಟೆಯ ಒಂದು ಗಲ್ಲಿಯಲ್ಲಿ ಅವರ ಮನೆ. ಐವತ್ತರ ಹತ್ತಿರದ ಹೆಂಗಸು, ಎತ್ತರದ ಆಳು. ಮುಳಬಾಗಿಲಿನವನು 'ಅಕ್ಕಯ್ಯ' ಅನ್ನುತ್ತಿದ್ದ, ನಾವೂ ಹಾಗೇ ಕರೆದೆವು. ಜಗಲಿಯ ಮೇಲೆ ಕೂತು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು.

"ಏಮಿ ನಾಯನಾ, ಕಾಲೇಜೋಳ್ಳಾ? ಬನ್ನಿ, ಕೂತ್ಕೊಳ್ಳಿ." ಅವರದು ತೆಲುಗು ಬೆರೆತ ಮಾತು, 'ನಾಯನಾ' ಅಂದರೆ ಅಪ್ಪಾ.

ನನ್ನ ಕೈಯಲ್ಲಿ ಪ್ರಶ್ನಾವಳಿಯಿತ್ತು. ಮೇಷ್ಟ್ರು ಬರೆಸಿದ್ದು, ನಲವತ್ತೆರಡು ಪ್ರಶ್ನೆ. ಕಲಾವಿದರ ವಯಸ್ಸು, ವಿದ್ಯಾಭ್ಯಾಸ, ಕಲೆಯನ್ನು ಆರಿಸಿಕೊಳ್ಳಲು ಪ್ರೇರಣೆ. ಮೊದಲನೇ ಪ್ರಶ್ನೆ ಓದಿದೆ. ಅಕ್ಕಯ್ಯ ಮೊರ ಕೆಳಗಿಟ್ಟು, "ಅದು ಆಮೇಲೆ. ಮೊದ್ಲು ನಾನು ಕೇಳ್ತೀನಿ ಹೇಳಮ್ಮ" ಅಂದರು.

"ಮಧ್ಯಾಹ್ನದ ನಾಟಕ ಅಂತೀರಿ. ಸ್ಟೇಜು ಯಾವ ಕಡೆಗೆ ಮುಖ ಮಾಡಿದೆ? ಪಡುವಣ ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೀತದಾ? ಹಾರ್ಮೋನಿಯಂ ಪೆಟ್ಟಿಗೆ ಮಾಸ್ತರು ಯಾರು, ಶ್ರುತಿ ಎಷ್ಟಕ್ಕೆ ಇಡ್ತಾರೆ? ನಾನು ಸೀರೆ ಬದಲಾಯಿಸೋ ಕೋಣೆಗೆ ಒಳಗಿಂದ ಚಿಲಕ ಇದೆಯಾ? ಮುಂದಿನ ಸಾಲಲ್ಲಿ ಯಾರು ಕೂತ್ಕೋತಾರೆ? ಕುಡಿದು ಬರೋರನ್ನ ಬಾಗಿಲಲ್ಲಿ ತಡೆಯೋಕೆ ಯಾರಿದಾರೆ, ಅವರ ಮಾತು ಊರಲ್ಲಿ ನಡೀತದಾ?"

ಎರಡು ವರ್ಷದ ನೋಟ್ಸಿನಲ್ಲಿ ಚಿಲಕದ ಪ್ರಸ್ತಾಪವೇ ಇರಲಿಲ್ಲ. ಟೇಕಲ್ಲಿನವನು ಮಾನ ಉಳಿಸಿಕೊಳ್ಳಲು ನಕ್ಷೆ ಬಿಚ್ಚಿದ. ಅಕ್ಕಯ್ಯನಿಗೆ ಕನ್ನಡ ಓದು ನಿಧಾನ. ಬೆರಳಿಟ್ಟು ಒಂದೊಂದೇ ಚೌಕವನ್ನು ನೋಡುತ್ತಾ, "ನಾನೆಲ್ಲಿದೀನಪ್ಪಾ ಇದ್ರಲ್ಲಿ?" ಅಂದರು.

ಅವನು ಹಸಿರು ಚೌಕ ತೋರಿಸಬೇಕಾಯಿತು. ಅವರು ಅಕ್ಷರ ಕೂಡಿಸಿ ಓದಿದರು. "ಕಚ್ಚಾ... ಸಾಮಗ್ರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಕ್ಕಯ್ಯ ಬೈಯಲಿಲ್ಲ. ಕಾಳಿನಲ್ಲಿ ಸಿಕ್ಕ ಒಂದು ಕಲ್ಲನ್ನು ಗಲ್ಲಿಗೆ ಎಸೆದು, "ಹಂಗಾದ್ರೆ ಸರಿ. ನಾನು ನಡೆದು ಬರೋಳು. ಕಚ್ಚಾ ಸಾಮಾನಿಗೆ ಕಾಲಿರಲ್ಲ ನೋಡು. ನೀವೇ ಗಾಡಿ ತಂದು ಹೊತ್ಕೊಂಡು ಹೋಗಿ" ಅಂದರು. ಹಾಲಿಗೂ ಅವರ ಮನೆಗೂ ಮುನ್ನೂರು ಗಜ. ಆದರೂ ಜಟಕಾ ತರುವುದೆಂದು ಒಪ್ಪಿಕೊಂಡು ಬಂದೆವು. ಬರುವಾಗ ಮುಳಬಾಗಿಲಿನವನು, "ಹರಿದು ಹಾಕೋ ಆ ನಕ್ಷೆನ, ಲೇ" ಅಂದ. ಟೇಕಲ್ಲಿನವನು ಹರಿಯಲಿಲ್ಲ. ಅದಕ್ಕೆ ಹತ್ತು ಅಂಕವಿತ್ತು.

ದಿನಾಂಕ ಗೊತ್ತು ಮಾಡುವ ಕೆಲಸ ನನ್ನದು. ಪರೀಕ್ಷಕರಿಗೆ ಬಿಡುವಿದ್ದ ಒಂದು ಗುರುವಾರವನ್ನು ನಾನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಅಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. "ಆ ಊರಿನೋರ ಹುಳ ಆವತ್ತಿಗೆ ಯಾವ ಜ್ವರ ಎದ್ದಿರ್ತದೆ ಅಂತ ಕೇಳ್ದೇನೇ?" ಅಂದಳು.

"ಪ್ರಶ್ನಾವಳಿಯಲ್ಲಿ ಅದಿಲ್ಲಮ್ಮ."

"ಕೇಳ್ಬಾರ್ದು ಅಂತ ಬರೆದಿದೆಯಾ?"

ನಾನು ರೇಷ್ಮೆ ಮನೆಯಲ್ಲಿ ಹುಟ್ಟಿದವಳು. ಹುಳ ನಾಲ್ಕು ಸಲ ಜ್ವರ ಬಂದು ಮಲಗಿ ಎದ್ದು, ಆಮೇಲೆ ಹಗಲೂ ರಾತ್ರಿ ಮೇಯ್ದು, ಹಣ್ಣಾಗಿ ಗೂಡು ಕಟ್ಟುವ ದಿನ ಮನೆಗೆ ಮನೆಯೇ ಅದರ ಕಾವಲಿಗೆ ನಿಲ್ಲಬೇಕು ಎನ್ನುವುದು ನನಗೆ ಎಬಿಸಿಡಿಗಿಂತ ಮೊದಲು ಗೊತ್ತು. ಆದರೆ ಕಾಲೇಜಿಗೆ ಹೋಗುವಾಗ ಅದನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುವುದು ಮರ್ಯಾದೆ ಅಂದುಕೊಂಡಿದ್ದೆ. ಅಮ್ಮನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಗುರುವಾರ ಬಂತು. ಒಂದೂವರೆಗೆ ಅಕ್ಕಯ್ಯ ಜಟಕಾದಲ್ಲಿ ಬಂದು ಹಾಲಿನ ಮುಂದೆ ಇಳಿಯದೆ ಕೂತೇ ಇದ್ದರು. ಟೇಕಲ್ಲಿನವನು ಓಡಿ ಹೋದ. "ಸಾಮಾನು ಬಂದಿದೆ, ಇಳಿಸ್ಕೊಳ್ಳಪ್ಪಾ" ಅಂದರು. ಅವನು ಕೈಕೊಟ್ಟು ಇಳಿಸಿದ. ಅವನ ಕಿವಿಯೆಲ್ಲ ಕೆಂಪು.

ಎರಡು ಗಂಟೆಗೆ ಹಾಲಿನಲ್ಲಿದ್ದವರು ಇವರು: ಪರೀಕ್ಷಕರು, ಮೇಷ್ಟ್ರು, ಮೊದಲನೇ ರಾಜನ ಮನೆಯವರು ಎಂಟು ಜನ, ನೆರಳಿಗೆಂದು ಒಳಗೆ ಬಂದಿದ್ದ ಇಬ್ಬರು ಮುದುಕರು. ನಾವು ಹಾಕಿದ್ದ ಆಸನ ಇನ್ನೂರು. ಗೋಡೆಯ ಮೇಲೆ ಟೇಕಲ್ಲಿನವನ ಮುತ್ತಿನಂಥ ಅಕ್ಷರದಲ್ಲಿ ಒಂದು ಫಲಕ: 'ಒನ್ಸ್ ಮೋರ್ ಕೇಳಕೂಡದು. ಆಜ್ಞೆಯ ಮೇರೆಗೆ.' ಕೇಳುವುದಕ್ಕೆ ಜನವೇ ಇರಲಿಲ್ಲ. ಪರೀಕ್ಷಕರು ತೆಳ್ಳಗಿನ ಮನುಷ್ಯ, ಪ್ರತಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುವವರು. ಮೊದಲನೇ ರಾಜನ ಅಂಟಿಸಿದ ಮೀಸೆ ಸೆಖೆಗೆ ಒಂದು ಕಡೆ ಜಾರತೊಡಗಿತ್ತು.

"ಎಲ್ಲಿ ಊರಿನೋರು?" ಅಕ್ಕಯ್ಯ ಪರದೆಯ ಸಂದಿಯಿಂದ ನೋಡಿ ಕೇಳಿದರು.

ಮುಳಬಾಗಿಲಿನವನು ಬೆಳಿಗ್ಗೆ ಊರಿಗೆ ಹೋಗಿ ಬಂದಿದ್ದ. "ಇವತ್ತು ಹುಳ ಹಣ್ಣಾಗಿದೆ ಅಕ್ಕಯ್ಯಾ. ವೇಷದೋರು ಬಿಟ್ರೆ ಇನ್ಯಾರೂ ಮನೆ ಬಿಟ್ಟು ಬರಲ್ಲ. ಮೇಲಾಗಿ ಎರಡನೇ ರಾಜ ಇಲ್ಲ ಅಂದ ಮೇಲೆ ಅವರ ಕಡೆಯೋರು ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ. ಊರಲ್ಲಿ ಮುಕ್ಕಾಲು ಪಾಲು ಅವರ ಕಡೆಯೋರೇ."

"ಅವನನ್ನ ತೆಗೆದದ್ದು ಯಾರು?"

ನಾವು ಮೂವರೂ ಮೇಷ್ಟ್ರ ಕಡೆ ನೋಡಿದೆವು. ಅವರು ಎದ್ದು ಬಂದು ವಿನಯವಾಗಿಯೇ ಹೇಳಿದರು, "ಒಂದು ಪಾತ್ರಕ್ಕೆ ಒಬ್ಬ ಸಾಕಲ್ಲವೇ ತಾಯಿ?"

"ಸಾಕು ಸ್ವಾಮಿ. ನೋಡೋಕೂ ಒಬ್ಬ ಸಾಕು ಅಂದ್ರೆ, ಸಾಕು."

ಮೇಷ್ಟ್ರು ಖಾಲಿ ಬೆಂಚುಗಳ ಕಡೆ ಒಮ್ಮೆ ತಿರುಗಿ ನೋಡಿ, ಕನ್ನಡಕ ಒರೆಸಿಕೊಂಡರು. ಅಕ್ಕಯ್ಯ ನನ್ನನ್ನು ಹತ್ತಿರಕ್ಕೆ ಕರೆದರು. "ನೀನು ರೇಷ್ಮೆ ಮನೆ ಹುಡುಗಿ ಅಲ್ವಾ? ಜಟಕಾ ಇದೆ. ಹೋಗಿ ಆ ಎರಡ್ನೇ ರಾಜನ್ನ ಕರ್ಕೊಂಡು ಬಾ. ಬರೀ ಕರೆದ್ರೆ ಬರಲ್ಲ. ಕೆಲಸಕ್ಕೆ ಕೈ ಹಾಕಿ ಕರಿ. ನೀನು ಬರೋವರೆಗೆ ಇಲ್ಲಿದು ನಾನು ನೋಡ್ಕೋತೀನಿ."

ನಾನು ಹೊರಟೆ. ಎರಡನೇ ರಾಜನ ಮನೆಯಲ್ಲಿ ಅಂಗಳದ ತುಂಬಾ ಚಂದ್ರಿಕೆಗಳು, ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟೆಗಳು, ಸಾಲಾಗಿ ಒರಗಿಸಿದ್ದವು. ಮನೆಯ ಹೆಂಗಸರು, ಗಂಡಸರು, ಮುದುಕಿಯರು ಎಲ್ಲ ಕೂತು ಹಣ್ಣಾದ ಹುಳ ಆರಿಸುತ್ತಿದ್ದರು. ಎರಡನೇ ರಾಜ ಬನಿಯನ್ನಿನಲ್ಲಿದ್ದ. ನನ್ನನ್ನು ನೋಡಿ, "ಏನಮ್ಮಾ, ಇನ್ನೊಂದು ಗೆರೆ ಎಳೆಯೋಕೆ ಬಂದ್ಯಾ?" ಅಂದ.

ನಾನು ಸೆರಗು ಸಿಕ್ಕಿಸಿ ಕೂತೆ. ಮೇವು ಬಿಟ್ಟು ತಲೆಯೆತ್ತಿದ ಹುಳ, ಜೇನಿನ ಬಣ್ಣಕ್ಕೆ ತಿರುಗಿದ್ದು, ಬೆಳಕಿಗೆ ಹಿಡಿದರೆ ಪಾರದರ್ಶಕ. ನನ್ನ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡನೇ ರಾಜನ ಹೆಂಡತಿ ನನ್ನ ಬೆರಳನ್ನೇ ನೋಡುತ್ತಾ, "ಕಾಲೇಜು ಓದ್ತೀಯಾ? ಕೈ ನೋಡಿದ್ರೆ ಹಂಗೆ ಅನ್ಸಲ್ಲವೇ" ಅಂದಳು. ಆ ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪ್ರಶಂಸೆ ಅದು.

ಆಗ ನಾನು ನಿಜ ಹೇಳಿದೆ. "ನಮ್ಮಿಂದ ತಪ್ಪಾಯ್ತಣ್ಣ. ದಿನ ಗೊತ್ತು ಮಾಡಿದ್ದು ನಾನೇ. ಹುಳ ಕೇಳದೆ ಮಾಡಿದೆ. ಅಲ್ಲಿ ಮೊದಲನೇ ರಾಜರ ಮೀಸೆ ಬಿದ್ದುಹೋಗ್ತಿದೆ. ಅಕ್ಕಯ್ಯ ನಿಮ್ಮನ್ನ ಕರ್ಕೊಂಡು ಬಾ ಅಂದ್ರು."

ಮೀಸೆಯ ಮಾತಿಗೆ ಹೆಂಗಸರು ನಕ್ಕರು. ಹೆಂಡತಿಯೇ ಗಂಡನಿಗೆ, "ಹೋಗಿ ಬಾ. ಇಲ್ಲಿ ಕೂತು ಒಳಗೊಳಗೇ ಹಾಡ್ಕೊಂಡು ಹುಳಾನ ಉಲ್ಟಾ ಇಡ್ತಿದ್ದೀಯ" ಅಂದಳು. ಅವನು ಕೈ ತೊಳೆದು ಎದ್ದ. ಬರುವಾಗ ದಾರಿಯುದ್ದಕ್ಕೂ ಜಟಕಾದಲ್ಲಿ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಹಾಲಿನ ಹತ್ತಿರ ಬಂದಾಗ ಮೂರೂಕಾಲು. ಹೆದ್ದಾರಿಯಲ್ಲಿ ಆಂಧ್ರದ ಕಡೆಯ ಒಂದು ಬಸ್ಸು ನಿಂತಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬರೂ ಇಲ್ಲ, ಒಂದು ಸೀಟಿನ ಮೇಲೆ ಬುಟ್ಟಿ ಮುಚ್ಚಿದ ಕೋಳಿ ಮಾತ್ರ. ಅದರ ಹಿಂದೆ ಐದಕ್ಕೆ ಬೆಂಗಳೂರಿನ ಕಡೆಗೆ ಹೊರಡಬೇಕಿದ್ದ ಇನ್ನೊಂದು ಬಸ್ಸು, ಅದೂ ಖಾಲಿ. ಹಾಲಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ.

ಏನಾಯಿತೆಂದು ಮುಳಬಾಗಿಲಿನವನು ಒಂದೇ ಉಸಿರಿಗೆ ಹೇಳಿದ. ನಾನು ಹೋದ ಮೇಲೆ ಅಕ್ಕಯ್ಯ ಹಾರ್ಮೋನಿಯಂ ಎತ್ತಿಸಿ ಹೊರಗಿನ ಜಗಲಿಗೆ ತರಿಸಿದರಂತೆ. ರಾಣಿಯ ವೇಷದಲ್ಲೇ ರಸ್ತೆಗೆ ಮುಖ ಮಾಡಿ ನಿಂತು ಒಂದು ತೆಲುಗು ಪದ್ಯ ಎತ್ತಿದರಂತೆ. ಟೀ ಕುಡಿಯಲು ಬಸ್ಸಿನಿಂದ ಇಳಿದಿದ್ದವರು ಲೋಟ ಹಿಡಿದುಕೊಂಡೇ ಬಂದು ನಿಂತರು. ಎರಡನೇ ಪದ್ಯಕ್ಕೆ ಡ್ರೈವರು, ಕಂಡಕ್ಟರು ಬಂದರು. ಮೂರನೇ ಪದ್ಯವನ್ನು ಅರ್ಧಕ್ಕೆ ನಿಲ್ಲಿಸಿ, "ಮಿಗಿಲಿಂದಿ ಲೋಪಲ," ಉಳಿದದ್ದು ಒಳಗೆ, ಎಂದು ಹೇಳಿ ಒಳಗೆ ನಡೆದುಬಿಟ್ಟರಂತೆ. ಜನ ಹಿಂದೆಯೇ ನುಗ್ಗಿದರು. ನಮ್ಮ ನೋಟ್ಸಿನ ಪ್ರಕಾರ ಇವರು ನಾಲ್ಕನೇ ವಿಧದವರು, ಆಕಸ್ಮಿಕ ಪ್ರೇಕ್ಷಕರು. ಅವರ ಬಗ್ಗೆ ಮೇಷ್ಟ್ರು ಬರೆಸಿದ್ದು ಒಂದೇ ವಾಕ್ಯ: ಇವರನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.

ಎರಡನೇ ರಾಜ ಕಿರೀಟ ಇಟ್ಟುಕೊಂಡು ರಂಗಕ್ಕೆ ಬಂದು ಬಾಯಿ ತೆರೆದ. ಕಿಟಕಿಯ ಸರಳು ಅದುರಿದವು ಅಂದರೆ ನೀವು ನಂಬಬೇಕಾಗಿಲ್ಲ, ನನಗೆ ಹಾಗೆ ಅನ್ನಿಸಿತು. ಮೊದಲನೇ ರಾಜ ಪಕ್ಕಕ್ಕೆ ಬಂದು ಮೀಸೆ ಕೈಯಲ್ಲಿ ಹಿಡಿದುಕೊಂಡು, "ಅಬ್ಬ, ಬಂದ್ನಲ್ಲ ಪುಣ್ಯಾತ್ಮ" ಎಂದು ಕೂತು ನೀರು ಕುಡಿದ. ಗೋಡೆಯ ಮೇಲಿನ ಫಲಕವನ್ನು ಆಂಧ್ರದವರೂ ಓದಿದರು. ಲಿಪಿ ಹತ್ತಿರದ್ದೇ ಅಲ್ಲವೇ. ಆದರೆ ಮೊದಲ ಎರಡು ಪದವನ್ನಷ್ಟೇ ಅರ್ಥ ಮಾಡಿಕೊಂಡು, ಅದನ್ನು ಭಕ್ತಿಯಿಂದ ಪಾಲಿಸಿದರು. ಪ್ರತಿ ಪದ್ಯಕ್ಕೂ ಒನ್ಸ್ ಮೋರ್. ಕೆಲವಕ್ಕೆ ಎರಡು ಸಲ.

ಐದಕ್ಕೆ ಹತ್ತು ನಿಮಿಷವಿರುವಾಗ ಪರೀಕ್ಷಕರು ಬ್ಯಾಗು ಹಿಡಿದು ಎದ್ದರು. ಮೇಷ್ಟ್ರೂ ಎದ್ದರು. "ನನ್ನ ಬಸ್ಸು ಹೊರಟುಹೋಗುತ್ತೆ" ಎಂದು ಪರೀಕ್ಷಕರು ಸಾಲು ದಾಟುತ್ತಿದ್ದಾಗ ಮೂರನೇ ಸಾಲಿನಿಂದ ಒಂದು ಖಾಕಿ ತೋಳು ಅವರನ್ನು ತಡೆಯಿತು.

"ಕೂತ್ಕೊಳ್ಳಿ ಸ್ವಾಮಿ, ಅಡ್ಡ ಬರ್ಬೇಡಿ. ಆ ಬಸ್ಸಿನ ಡ್ರೈವರ್ ನಾನೇ."

ಅವರು ಕೂತರು. ಕೂತ ಮೇಲೆ ಬೇರೆ ದಾರಿಯಿಲ್ಲದೆ ನಾಟಕ ನೋಡಿದರು. ನನ್ನ ಗಮನ ಹೋದದ್ದು ಮೇಷ್ಟ್ರ ಕಡೆಗೆ. ರಾಣಿ ರಾಜನನ್ನು ಯುದ್ಧಕ್ಕೆ ಕಳಿಸಿಕೊಡುವ ದೃಶ್ಯ ನಡೆಯುತ್ತಿತ್ತು. ಮೇಷ್ಟ್ರು ಇನ್ನೂ ನಿಂತೇ ಇದ್ದರು. ಹಿಂದಿನವರು "ಕೂತ್ಕೊಳ್ರೀ" ಎಂದು ಕೂಗಿದರೂ ಕೇಳಿಸಲಿಲ್ಲ. ಕನ್ನಡಕ ಕೈಯಲ್ಲಿತ್ತು, ಕೆನ್ನೆ ಒದ್ದೆಯಾಗಿತ್ತು. ಅವರು ಹುಟ್ಟಿದ ಮೇಲೆ ಎಚ್ಚರವಾಗಿದ್ದು ನೋಡಿದ ಮೊದಲ ನಾಟಕ ಅದು.

ಆರು ಹೊಡೆಯುವಾಗ ನಾಟಕ ಮುಗಿಯಿತು. ಜಗಲಿಯ ಮೇಲೆ, ಬಸ್ಸು ಹಾರನ್ನು ಹೊಡೆಯುತ್ತಿರುವಾಗ, ನಮ್ಮ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರು ಅವಸರದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ನಿರ್ವಾಹಕರು ಯಾರು?"

"ನಾನೇ ಸಾರ್, ಹತ್ತಿ ಹತ್ತಿ, ಟಿಕೆಟ್ ಒಳಗೆ ಕೊಡ್ತೀನಿ" ಎಂದು ಕಂಡಕ್ಟರು ಅವರ ಬ್ಯಾಗು ಕಿತ್ತುಕೊಂಡ.

"ಬಸ್ಸಿನ ನಿರ್ವಾಹಕನಲ್ಲ, ನಾಟಕದ ನಿರ್ವಾಹಕ!"

ಟೇಕಲ್ಲಿನವನು ನಕ್ಷೆ ಬಿಚ್ಚಲು ಹೋದ, ಗಾಳಿಗೆ ಅದು ಬಿಚ್ಚಿಕೊಳ್ಳಲಿಲ್ಲ. ಮುಳಬಾಗಿಲಿನವನು ಆಕಾಶ ತೋರಿಸಿದ. ನಾನು ಪಕ್ಕದ ಕೋಣೆಯ ಕಡೆ ಕೈ ಮಾಡಿದೆ. ಅಲ್ಲಿ ಅಕ್ಕಯ್ಯ ಕೊಬ್ಬರಿ ಎಣ್ಣೆಯಲ್ಲಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಪರೀಕ್ಷಕರು ಮೂರು ಉತ್ತರವನ್ನೂ ಬರೆದುಕೊಂಡು ಬಸ್ಸು ಹತ್ತಿದರು.

ನಮಗೆ ನೂರಕ್ಕೆ ಮೂವತ್ತೆಂಟು ಬಂತು. ಷರಾ ಹೀಗಿತ್ತು: 'ಯೋಜನೆಯಲ್ಲಿದ್ದ ಪ್ರೇಕ್ಷಕರು ಬರಲಿಲ್ಲ. ಬಂದ ಪ್ರೇಕ್ಷಕರು ಯೋಜನೆಯಲ್ಲಿರಲಿಲ್ಲ. ಸಮಯಪಾಲನೆ ಶೂನ್ಯ.' ಶ್ರೀನಿವಾಸಪುರದ ಗುಂಪು ಮಾವಿನ ಸುಗ್ಗಿಯಲ್ಲಿ ಕೋಲಾಟ ಇಟ್ಟುಕೊಂಡಿತ್ತು, ಊರೆಲ್ಲ ತೋಪಿನಲ್ಲಿತ್ತು, ಅವರಿಗೂ ನಮ್ಮಷ್ಟೇ. ಮಾಲೂರಿನ ಗುಂಪಿಗೆ ಎಂಬತ್ತೊಂದು. ಅವರು ತೊಗಲುಗೊಂಬೆಯಾಟ ಏರ್ಪಡಿಸಿದ್ದರು, ಆಟ ಮಾತ್ರ ನಡೆಯಲೇ ಇಲ್ಲ. ಗೊಂಬೆಯವರು ಬೇರೆ ಊರಿಗೆ ಹೋಗಿದ್ದರು. ಆದರೆ ಕಡತ ಅಚ್ಚುಕಟ್ಟಾಗಿತ್ತು, ನಾಲ್ಕು ಬಣ್ಣದ ನಕ್ಷೆಗಳಿದ್ದವು, ಮತ್ತು ಪರೀಕ್ಷಕರಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕಿತು.

ನಾನು ಈ ಅನ್ಯಾಯವನ್ನು ಅಕ್ಕಯ್ಯನ ಜಗಲಿಯಲ್ಲಿ ಕೂತು ತೋಡಿಕೊಂಡೆ. ಅವರು ಕೇಳಿದರು, "ಎಷ್ಟಕ್ಕೆ ಪಾಸು?"

"ಮೂವತ್ತೈದಕ್ಕೆ."

"ಮೂರು ಜಾಸ್ತಿನೇ ಬಂತಲ್ಲ. ಆ ಮೂರು ನಂದು, ಇಟ್ಕೋ. ಈಗ ಒಂದು ಕಾರ್ಡು ಬರಿ."

ಹಾಗೆ ಶುರುವಾಯಿತು. ಎರಡು ವರ್ಷ, ತಿಂಗಳಿಗೊಂದೆರಡು ಭಾನುವಾರ, ಅವರನ್ನು ನಾಟಕಕ್ಕೆ ಕರೆಯುವ ಊರುಗಳಿಗೆ ನಾನು ಅಂಚೆ ಕಾರ್ಡು ಬರೆದುಕೊಟ್ಟೆ. ಮೊದಲನೇ ಕಾರ್ಡಿನಲ್ಲಿ ನಾನು '...ಎಂದು ವಿನಂತಿಸಿಕೊಳ್ಳಲಾಗಿದೆ' ಎಂದು ಬರೆದಿದ್ದೆ. ಅವರು ಓದಿಸಿ ಕೇಳಿ, "ಯಾರು ವಿನಂತಿಸಿಕೊಂಡೋರು? ನಾನು ತಾನೆ? ನಾನು ಅಂತಾನೇ ಬರಿ" ಅಂದರು. ಯಾವ ಊರಿನ ಹಿರಿಯನಿಗೆ ಮೊದಲು ಬರೆಯಬೇಕು, ಯಾವ ಊರಿಗೆ ಹೋಗಲ್ಲ ಅಂತ ಹೇಳದೆಯೇ ಹೋಗದಿರುವುದು ಹೇಗೆ, ತಾಲೀಮಿಗೆ ಕುಡಿದು ಬಂದವನನ್ನು ಅವನ ತಾಯಿಯ ಎದುರಿಗೆ 'ನಾಯನಾ' ಅಂದು ಮಾತಾಡಿಸಿ ಹೇಗೆ ಸರಿ ಮಾಡಬೇಕು, ಇದೆಲ್ಲ ಕಾರ್ಡಿನ ನಡುನಡುವೆ ಬಂತು. ಆಮೇಲೆ ನನಗೆ ಕೋಲಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ, "ಕಲಾ ನಿರ್ವಹಣೆ ಅಂದರೇನಮ್ಮ?" ಎಂದು ಕೇಳಿದರು. ಏಳು ದೋಷಗಳನ್ನು ಹೇಳಿದೆ. ಅವರಲ್ಲೊಬ್ಬರು ಅದನ್ನು ಬರೆದುಕೊಂಡರು.

ವಿಷಯ ಮಾತ್ರ ನಮ್ಮ ನಂತರ ಹೆಚ್ಚು ದಿನ ಬಾಳಲಿಲ್ಲ. ಬಸ್ಸುಗಳ ವೇಳೆ ಬದಲಾಯಿತು, ವಿದ್ಯಾರ್ಥಿಗಳು ಸಮಾಜಶಾಸ್ತ್ರಕ್ಕೆ ಹೋದರು. ಪ್ರಿನ್ಸಿಪಾಲರು ಇನ್ನೊಂದು ಸಮ್ಮೇಳನಕ್ಕೆ ಹೋಗಿ ಬಂದು ಜೇನುಸಾಕಣೆ ಆರಂಭಿಸಿದರು.

ಎಂಬತ್ತರ ದಶಕದಲ್ಲಿ ಒಂದು ಭಾನುವಾರ ಮಧ್ಯಾಹ್ನ ನಮ್ಮೂರ ಶಾಲೆಯ ಜಗಲಿಯಲ್ಲಿ ನಾಟಕದ ತಾಲೀಮು ನಡೆಯುತ್ತಿತ್ತು. ಅಕ್ಕಯ್ಯ ಬಂದಿದ್ದರು. ನಾನು ಮನೆಯಿಂದ ಮಜ್ಜಿಗೆ ತೆಗೆದುಕೊಂಡು ಹೋದರೆ, ಜಗಲಿಯ ಮೂಲೆಯಲ್ಲಿ ಕಂದು ಕೋಟು ಮಡಿಸಿಟ್ಟು ನಿಂತವರು ನಮ್ಮ ಮೇಷ್ಟ್ರು. ನಿವೃತ್ತಿಯಾಗಿ ಆರು ತಿಂಗಳಾಗಿತ್ತು. ನಮ್ಮೂರಿನವರನ್ನು ತಾವೇ ಹುಡುಕಿಕೊಂಡು ಬಂದು ಪಾತ್ರ ಕೇಳಿದ್ದರಂತೆ. ದೂತನ ಪಾತ್ರ ಕೊಟ್ಟಿದ್ದರು. ಮಾತು ಒಂದೇ ಒಂದು. ನನ್ನನ್ನು ಕಂಡು ನಾಚಿಕೊಂಡರು. "ಮಧ್ಯಾಹ್ನ ಎರಡು ಗಂಟೆ ಮಲಗಿಬಿಟ್ಟರೆ ರಾತ್ರಿ ಎಚ್ಚರ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ" ಅಂದರು.

ಅವರ ಸರದಿ ಬಂತು. ಮುಂದೆ ಬಂದು ಕೈಕಟ್ಟಿ ನಿಂತು ಹೇಳಿದರು, "ಮಹಾಪ್ರಭು, ಶತ್ರುಸೈನ್ಯವು ಊರಬಾಗಿಲಿಗೆ ಬಂದಿದೆ." ಸ್ವಲ್ಪ ತಡೆದು, ನಿಧಾನವಾಗಿ ಮತ್ತೊಮ್ಮೆ, "ಶತ್ರುಸೈನ್ಯವು... ಊರಬಾಗಿಲಿಗೆ... ಬಂದಿದೆ."

ಅಕ್ಕಯ್ಯ ಕೈ ಎತ್ತಿ ಹಾರ್ಮೋನಿಯಂ ನಿಲ್ಲಿಸಿದರು. "ಸ್ವಾಮಿ, ಬರ್ಕೊಳ್ಳೋರು ಯಾರೂ ಇಲ್ಲ ಇಲ್ಲಿ. ಸೈನ್ಯ ಬಂದುಬಿಟ್ಟಿದೆ. ಓಡಿ ಬಂದು ಹೇಳಿ."

ಮೇಷ್ಟ್ರು ಜಗಲಿಯ ಆ ತುದಿಗೆ ಹೋದರು. ಪಂಚೆ ಎತ್ತಿ ಕಟ್ಟಿದರು. ನಾನು ಮಜ್ಜಿಗೆ ಚೊಂಬನ್ನು ಪಕ್ಕಕ್ಕೆ ಎಳೆದುಕೊಂಡೆ. ಅರವತ್ತರ ಹತ್ತಿರದ ವಾಣಿಜ್ಯಶಾಸ್ತ್ರದ ಅಧ್ಯಾಪಕರು ಶಾಲೆಯ ಜಗಲಿಯುದ್ದಕ್ಕೂ ಓಡಿ ಬಂದು, ಕಂಬ ಹಿಡಿದು ನಿಂತು, ಏದುಸಿರಿನಲ್ಲಿ "ಮಹಾಪ್ರಭು!" ಎಂದರು. ಆಮೇಲೆ ಮಾತು ಹೊರಡಲಿಲ್ಲ. ರಾಜನ ಪಾತ್ರದವನು ನಿಜವಾಗಿಯೂ ಗಾಬರಿಯಾಗಿ, "ಏನಾಯ್ತು ಸಾರ್?" ಎಂದು ಕೇಳಿಬಿಟ್ಟ.

"ಅದೇ ಸರಿ, ಹಂಗೇ ಇರ್ಲಿ" ಅಂದರು ಅಕ್ಕಯ್ಯ. ಮೇಷ್ಟ್ರು ಮಜ್ಜಿಗೆ ಕುಡಿದು ಮುಖ ಒರೆಸಿಕೊಂಡು, ಜಗಲಿಯ ಆ ತುದಿಗೆ ಮತ್ತೆ ನಡೆದರು.